ಹೊಲದ ಸಾರ, ಮಡ್ಡಿಯ ಹುಲ್ಲು

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ನೀಡಿದ ಉಪನ್ಯಾಸದ ಬರಹರೂಪ)



ನಾವು ಒಂದೇ ಮನೆಯ ಮೂವರು ಈ ಶಾಲೆಯಲ್ಲಿ ಕನ್ನಡದ ಅಕ್ಷರ ಕಲಿತವರು. ನಮ್ಮಲ್ಲಿ ಒಬ್ಬರು ಇಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ, ಒಬ್ಬರು ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುತ್ತಾರೆ, ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ಉಪನ್ಯಾಸವನ್ನು ಮೂವರೂ ಕೂಡಿ ಸಿದ್ಧಪಡಿಸಿದ್ದೇವೆ. ಆದುದರಿಂದ ಇದರಲ್ಲಿ ‘ನಾವು’ ಎಂದು ಬಂದಾಗಲೆಲ್ಲ ಅದನ್ನು ದೊಡ್ಡಸ್ತಿಕೆಯ ಮಾತೆಂದು ತಿಳಿಯಬಾರದು. ತಪ್ಪು ಮಾಡಿದವರೂ ಮೂವರೇ, ಅದರಿಂದ ಪಾಠ ಕಲಿತವರೂ ಮೂವರೇ.

ಸಾಂಗ್ಲಿವಾಡಿಯ ಮಕ್ಕಳಿಗೆ ಹಸಿರೆಂದರೆ ಕಬ್ಬು. ಐರ್ವಿನ್ ಸೇತುವೆಯ ಮೇಲೆ ನಿಂತು ನೋಡಿದರೆ ಒಂದು ಕಡೆ ಸಾಂಗ್ಲಿಯ ಘಾಟು, ಇನ್ನೊಂದು ಕಡೆ ನಮ್ಮ ವಾಡಿ, ಅದರಾಚೆಗೆ ಕಣ್ಣು ಹರಿಯುವತನಕ ಕಬ್ಬಿನ ಗರಿ. ಹುಲ್ಲೆಂದರೆ ನಮಗೆ ಗಣಪತಿಗೆ ಏರಿಸುವ ಗರಿಕೆ, ಇಲ್ಲವೆ ಬದುವಿನಲ್ಲಿ ಬೆಳೆದು ಕಿತ್ತೊಗೆಯಬೇಕಾದ ಕಸ. ನಿಜವಾದ ಹುಲ್ಲುಗಾವಲನ್ನು ನಾವು ಕಂಡದ್ದು ರಜೆಯಲ್ಲಿ, ಜತ್ತದ ಕಡೆಯ ಅಜ್ಜನ ಊರಿನಲ್ಲಿ. ಅಲ್ಲಿ ಭೂಮಿ ಕೆಂಪು, ಮಣ್ಣು ತೆಳು, ಮಳೆ ಅಪರೂಪದ ಅತಿಥಿ. ಅಂಥ ನೆಲಕ್ಕೆ ಆ ಕಡೆಯವರು ಮಡ್ಡಿ ಎನ್ನುತ್ತಾರೆ. ಊರಿಗೆಲ್ಲ ಸೇರಿದ ಹುಲ್ಲುನೆಲಕ್ಕೆ ಗಾಯರಾನ ಎನ್ನುತ್ತಾರೆ. ಬೇಸಿಗೆಯಲ್ಲಿ ಸತ್ತಂತೆ ಕಾಣುವ ಆ ನೆಲ ಮಿರಗ ಮಳೆ ಬಿದ್ದ ಹದಿನೈದು ದಿನಗಳಲ್ಲಿ ಮೈತುಂಬ ಹಸಿರು ಹೊದ್ದು ನಿಲ್ಲುತ್ತಿತ್ತು. ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿಯ ನೀಲಿ ಹೂ, ಶರಪುಂಖದ ನೇರಿಳೆ ಹೂ, ನೆಲಕ್ಕಂಟಿದ ನೀಲಿ ಗಿಡ, ನಮಗೆ ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಸಣ್ಣ ಸಸಿಗಳು.

ಈಗ ನಮ್ಮ ತಪ್ಪಿನ ಕಥೆ. ಅಜ್ಜನಿಗೆ ಒಂದು ಎಕರೆಯಷ್ಟು ಹುಲ್ಲಿನ ಮಡ್ಡಿ ಇತ್ತು. ಕಾಲೇಜು ಸೇರಿದ ಹೊಸತರಲ್ಲಿ ನಮಗೆ ಉತ್ಸಾಹ ಬಹಳ, ತಿಳಿವಳಿಕೆ ಕಡಿಮೆ. ಮನೆಯಲ್ಲಿ ಕಬ್ಬಿಗೆ ಹಾಕಿ ಮಿಕ್ಕಿದ್ದ ಎರಡು ಚೀಲ ಯೂರಿಯಾವನ್ನು ಹೊತ್ತೊಯ್ದು ಮಳೆಗಾಲದ ಆರಂಭದಲ್ಲಿ ಆ ಮಡ್ಡಿಗೆ ಎರಚಿದೆವು. ಮೊಣಕಾಲೆತ್ತರದ ಹುಲ್ಲು ಆ ವರ್ಷ ಸೊಂಟದೆತ್ತರ ಬೆಳೆಯಿತು. ಅಜ್ಜ ಹಿಗ್ಗಿದ, ನಾವು ಅವನಿಗಿಂತ ಹೆಚ್ಚು ಹಿಗ್ಗಿದೆವು. ಮರುವರ್ಷವೂ, ಅದರ ಮರುವರ್ಷವೂ ಹಾಗೆಯೇ ಮಾಡಿದೆವು. ನಾಲ್ಕನೆಯ ವರ್ಷ ನೋಡಿದರೆ ಮಡ್ಡಿಯ ತುಂಬ ಒಂದೇ ಜಾತಿಯ ಒರಟು ಹುಲ್ಲು. ಅದರ ಬುಡದಲ್ಲಿ ವಿಷ್ಣುಕ್ರಾಂತಿ ಇಲ್ಲ, ಶರಪುಂಖ ಇಲ್ಲ. ಅಂಚಿನಿಂದ ಒಳಕ್ಕೆ ಕಾಂಗ್ರೆಸ್ ಕಸ ನುಗ್ಗಿ ಬಂದಿತ್ತು. ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು.

ತಪ್ಪನ್ನು ತಿದ್ದುತ್ತೇವೆಂದು ಹೊರಟು ಇನ್ನೊಂದು ತಪ್ಪು ಮಾಡಿದೆವು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಆ ಒಣಹುಲ್ಲಿಗೆ ಬೆಂಕಿ ಕೊಟ್ಟೆವು. ಸುಟ್ಟರೆ ಕಸ ಹೋಗಿ ಹೊಸ ಹುಲ್ಲು ಬರುತ್ತದೆಂದು ಕೇಳಿದ್ದೆವು. ಬೆಂಕಿ ಎರಡಾಳೆತ್ತರ ಎದ್ದು ಪಕ್ಕದ ಬೇಲಿಯನ್ನೂ ಒಂದು ಬೇವಿನ ಮರವನ್ನೂ ನುಂಗಿತು. ಮಳೆ ಬಂದಾಗ ಬೋಳು ನೆಲದ ಮಣ್ಣು ಕೊಚ್ಚಿಹೋಯಿತು. ಮರಳಿ ಬಂದದ್ದು ಅದೇ ಒರಟು ಹುಲ್ಲು, ಅದೇ ಕಾಂಗ್ರೆಸ್ ಕಸ. ಆ ದಾರಿಯಲ್ಲಿ ಪ್ರತಿವರ್ಷ ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯ ಕುರಿಗಾರರೊಬ್ಬರು ಇದನ್ನು ಕಂಡು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ಮಡ್ಡಿಗೆ ಉಣಸಬಾರದೋ ತಮ್ಮಾ, ಮಡ್ಡಿ ಮೇಯಸಬೇಕು.”

ಆ ಒಂದು ಮಾತಿನ ಅರ್ಥವನ್ನು ವಿಜ್ಞಾನದ ದಾರಿಯಿಂದ ಅರಿಯಲು ನಮಗೆ ಬಹಳ ವರ್ಷ ಬೇಕಾಯಿತು. ಅರಿತದ್ದನ್ನು ಇಂದು ನಿಮ್ಮೆದುರು ಇಡುತ್ತೇವೆ.

ಮೊದಲು ಸಾರಜನಕದ ವಿಷಯ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೇ. ಆದರೆ ಗಾಳಿಯ ಸಾರಜನಕವನ್ನು ಗಿಡಗಳು ನೇರವಾಗಿ ಉಣ್ಣಲಾರವು. ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡ ದ್ವಿದಳ ಸಸ್ಯಗಳಿಗೆ ಮಾತ್ರ ಆ ಭಾಗ್ಯ. ಉಳಿದವು ಮಣ್ಣಿನಲ್ಲಿ ಸಿಕ್ಕಷ್ಟರಲ್ಲೇ ಬಾಳಬೇಕು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. ಇಂದು ಜಗತ್ತಿನ ಕೋಟ್ಯಂತರ ಜನರ ತಟ್ಟೆಯಲ್ಲಿರುವ ಅನ್ನಕ್ಕೆ ಆ ಶೋಧವೇ ಆಧಾರ. ನಮ್ಮ ವಾಡಿಯ ಮನೆಗಳೂ, ಈ ಶಾಲೆಗೆ ಪಾಲಕರು ಕೊಟ್ಟ ದೇಣಿಗೆಗಳೂ ಒಂದು ಅರ್ಥದಲ್ಲಿ ಅದರ ಫಲವೇ. ಆದುದರಿಂದ ನಾವು ಗೊಬ್ಬರವನ್ನು ನಿಂದಿಸಲು ಬಂದಿಲ್ಲ.

ಆದರೆ ಲೆಕ್ಕವೊಂದನ್ನು ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಆಡಸಾಲಿ ಕಬ್ಬಿಗೆ ಶಿಫಾರಸು ಮಾಡಿದ ಸಾರಜನಕ ಹೆಕ್ಟೇರಿಗೆ 400 ಕಿಲೋ. ಯೂರಿಯಾದಲ್ಲಿ ಸಾರಜನಕದ ಪಾಲು ಶೇಕಡಾ 46. ಅಂದರೆ ಎಲ್ಲವನ್ನೂ ಯೂರಿಯಾದಿಂದಲೇ ಕೊಟ್ಟರೆ ಈಗಿನ 45 ಕಿಲೋ ಚೀಲದಲ್ಲಿ ಹೆಕ್ಟೇರಿಗೆ ಹತ್ತೊಂಬತ್ತಕ್ಕೂ ಹೆಚ್ಚು ಚೀಲ. ಹಾಕಿದ್ದೆಲ್ಲವೂ ಕಬ್ಬಿಗೆ ಸೇರುವುದಿಲ್ಲ. ಒಂದು ಪಾಲು ನೀರಿನೊಡನೆ ಬಾವಿಗೂ ಹೊಳೆಗೂ ಇಳಿಯುತ್ತದೆ. ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಏರುತ್ತದೆ. ಗಾಳಿಗೆ ಏರಿದ್ದು ಗಾಳಿಯಲ್ಲೇ ಉಳಿಯುವುದಿಲ್ಲ. ಮಳೆಯೊಡನೆ, ಧೂಳಿನೊಡನೆ ಎಲ್ಲಿಯೋ ಒಂದು ಕಡೆ ನೆಲಕ್ಕೆ ಇಳಿಯುತ್ತದೆ. ಯಾರೂ ಗೊಬ್ಬರ ಹಾಕದ ಗುಡ್ಡಕ್ಕೂ, ಗಾಯರಾನಕ್ಕೂ ಹೀಗೆ ಅರಿಯದಂತೆ ಗೊಬ್ಬರ ಬೀಳುತ್ತದೆ.

ಬಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಅತ್ಯಂತ ಹಳೆಯ ಉತ್ತರ ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿದೆ. ಅಲ್ಲಿ 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು ಒಂದು ಹುಲ್ಲುಗಾವಲನ್ನು ಪಟ್ಟಿಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಕೊಟ್ಟರು. ಅವರಿಗೆ ಬೇಕಾಗಿದ್ದುದು ಒಣಹುಲ್ಲಿನ ಇಳುವರಿಯ ಲೆಕ್ಕ ಮಾತ್ರ. ಆದರೆ ಎರಡು ಮೂರು ವರ್ಷಗಳಲ್ಲೇ ಪ್ರತಿಯೊಂದು ಪಟ್ಟಿಗೂ ಬೇರೆ ಬೇರೆ ಬೀಜ ಬಿತ್ತಿದ್ದಾರೋ ಎಂಬಂತೆ ಹುಲ್ಲಿನ ಮುಖವೇ ಬದಲಾಯಿತು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಏನೂ ಹಾಕದ ಪಟ್ಟಿಯಲ್ಲಿ ಸುಮಾರು 40 ಪ್ರಭೇದದ ಸಸ್ಯಗಳಿವೆ. ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಉಂಡು, ಸುಣ್ಣವಿಲ್ಲದೆ ಹುಳಿಯೇರಿದ ಮಣ್ಣಿನ ಪಟ್ಟಿಗಳಲ್ಲಿ ಎರಡೋ ಮೂರೋ.

ಇದು ಅತಿಯಾದ ಪ್ರಮಾಣದ ಫಲವೆಂದು ಯಾರಾದರೂ ಹೇಳಬಹುದು. ಅಮೆರಿಕದ ಮಿನೆಸೋಟಾದ ಸೀಡರ್ ಕ್ರೀಕ್‌ನಲ್ಲಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು 1982ರಲ್ಲಿ ಆರಂಭಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಕೇವಲ 10 ಕಿಲೋ ಸಾರಜನಕ, ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಚೀಲ ಯೂರಿಯಾದಷ್ಟು, ಎರಡು ದಶಕ ಬಿಡದೆ ಹಾಕಿದಾಗ ಸಸ್ಯ ಪ್ರಭೇದಗಳ ಸಂಖ್ಯೆ ಶೇಕಡಾ 17ರಷ್ಟು ಇಳಿದಿತ್ತು. ಬ್ರಿಟನ್ನಿನ 68 ಹುಲ್ಲುಗಾವಲುಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೂಕ್ಷ್ಮವಾದ ಲೆಕ್ಕ ಕೊಟ್ಟಿತು: ಗಾಳಿಯಿಂದ ದೀರ್ಘಕಾಲ ಬೀಳುವ ಸಾರಜನಕ ಹೆಕ್ಟೇರಿಗೆ ವರ್ಷಕ್ಕೆ 2.5 ಕಿಲೋದಷ್ಟು ಹೆಚ್ಚಿದಂತೆಲ್ಲ ನಾಲ್ಕು ಚದರ ಮೀಟರಿನಲ್ಲಿ ಒಂದೊಂದು ಪ್ರಭೇದ ಕಡಿಮೆ.

ಉಂಡರೆ ಬೆಳೆಯಬೇಕಾದ ಸಸ್ಯಗಳು ಉಂಡು ಸಾಯುವುದೇಕೆ? ಬಡತನದ ಮಣ್ಣಿನಲ್ಲಿ ಯಾರೂ ಯಾರನ್ನೂ ಮೀರಿ ಬೆಳೆಯಲಾರರು. ಅಲ್ಲಿ ಆಳಕ್ಕೆ ಬೇರಿಳಿಸುವವನಿಗೂ ಜಾಗವಿದೆ, ಮಿತವಾಗಿ ಉಣ್ಣುವವನಿಗೂ ಜಾಗವಿದೆ, ತನ್ನ ಸಾರಜನಕವನ್ನು ತಾನೇ ಗಾಳಿಯಿಂದ ದುಡಿದುಕೊಳ್ಳುವ ಶರಪುಂಖದಂಥವನಿಗೂ ಜಾಗವಿದೆ. ಸಾರಜನಕ ಬಿಟ್ಟಿಯಾಗಿ ಸಿಕ್ಕೊಡನೆ ಬೇಗ ಬೆಳೆಯುವ ಒಂದೆರಡು ಹುಲ್ಲುಗಳು ಎತ್ತರಕ್ಕೆ ಎದ್ದು ಕೆಳಗಿನವರ ಬಿಸಿಲನ್ನು ಕಸಿದುಕೊಳ್ಳುತ್ತವೆ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೊಬ್ಬರ ಹಾಕಿದ ಹುಲ್ಲಿನ ಬುಡಕ್ಕೆ ದೀಪಗಳನ್ನಿಟ್ಟು ಬೆಳಕು ಕೊಟ್ಟರು. ಬೆಳಕು ಸಿಕ್ಕ ಕಡೆ ಸಣ್ಣ ಸಸಿಗಳು ಉಳಿದುಕೊಂಡವು. ಅವುಗಳನ್ನು ಕೊಂದದ್ದು ಗೊಬ್ಬರಕ್ಕಿಂತ ಹೆಚ್ಚಾಗಿ ಗೊಬ್ಬರ ತಂದ ನೆರಳು. ಅಜ್ಜನ ಮಡ್ಡಿಯಲ್ಲಿ ವಿಷ್ಣುಕ್ರಾಂತಿ ಕಾಣೆಯಾದದ್ದು ಏಕೆಂಬುದು ನಮಗೆ ಆಗ ಹೊಳೆಯಿತು.

ಇನ್ನು ಬೆಂಕಿಯ ವಿಷಯ. ಮರದ ಸಸಿಯ ಕುಡಿ ಮೇಲಿರುತ್ತದೆ. ಬೆಂಕಿ ಮೊದಲು ಅದನ್ನೇ ಸುಡುತ್ತದೆ. ಹುಲ್ಲಿನ ಕುಡಿ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡಿರುತ್ತದೆ. ಮೇಲಿನ ಗರಿ ಸುಟ್ಟರೂ ಜೀವ ಉಳಿಯುತ್ತದೆ. ಮಡ್ಡಿಯಲ್ಲಿ ನಡೆದಾಡಿದವರಿಗೆ ಧೋತರಕ್ಕೂ ಸೀರೆಯ ಅಂಚಿಗೂ ಚುಚ್ಚಿಕೊಳ್ಳುವ ಹುಲ್ಲೊಂದು ಗೊತ್ತು. ಮರಾಠಿಯಲ್ಲಿ ಅದಕ್ಕೆ ಕುಸಳಿ ಎನ್ನುತ್ತಾರೆ. ಅದರ ಬೀಜಕ್ಕೆ ಉದ್ದನೆಯ ಬಾಲವಿದೆ. ತೇವಕ್ಕೆ ಬಿಚ್ಚಿ, ಒಣಹವೆಗೆ ಹೊಸೆದುಕೊಂಡು, ಬಡಗಿಯ ಕೈಯ ಗಿರಮಿಟ್ಟಿನಂತೆ ತಿರುಗುತ್ತ ಅದು ಬೀಜವನ್ನು ಮಣ್ಣಿನೊಳಕ್ಕೆ ಇಳಿಸುತ್ತದೆ. ಬೆಂಕಿ ಮೇಲೆ ಹಾದುಹೋಗುವಾಗ ಬೀಜ ಕೆಳಗೆ ಸುರಕ್ಷಿತ. ನಮ್ಮ ಹುಲ್ಲುಗಾವಲುಗಳು ಬೆಂಕಿಯನ್ನೂ ಮೇಯುವ ಪ್ರಾಣಿಗಳನ್ನೂ ಬಹುಕಾಲದಿಂದ ಬಲ್ಲವು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಬೆಂಕಿಗೆ ಇನ್ನೊಂದು ಗುಣವಿದೆ. ಹುಲ್ಲು ಸುಟ್ಟಾಗ ಪೊಟ್ಯಾಶ್ ಮತ್ತು ರಂಜಕದ ಬಹುಪಾಲು ಬೂದಿಯಾಗಿ ನೆಲದಲ್ಲೇ ಉಳಿಯುತ್ತದೆ. ಸಾರಜನಕದ ಬಹುಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಹಾಗಾದರೆ ಸಾರಜನಕ ಹೆಚ್ಚಾದ ಹುಲ್ಲುಗಾವಲನ್ನು ಸುಟ್ಟರೆ ಎಲ್ಲವೂ ಸರಿಹೋಗಬೇಕಲ್ಲವೆ? ನಾವು ಏಪ್ರಿಲ್ ತಿಂಗಳಲ್ಲಿ ಎಣಿಸಿದ್ದೂ ಅದನ್ನೇ.

ಇದನ್ನು ಪರೀಕ್ಷಿಸಿದವರು ಅಮೆರಿಕದ ಕ್ಯಾನ್ಸಸ್ ಪ್ರಾಂತದ ಕೊಂಜಾ ಹುಲ್ಲುಗಾವಲಿನ ವಿಜ್ಞಾನಿಗಳು. 1986ರಲ್ಲಿ ಅವರು ಆರಂಭಿಸಿದ ಪ್ರಯೋಗದಲ್ಲಿ ಕೆಲವು ತುಂಡುಗಳನ್ನು ಪ್ರತಿವರ್ಷ ಸುಟ್ಟರು, ಕೆಲವನ್ನು ಸುಡದೆ ಬಿಟ್ಟರು. ಎರಡರಲ್ಲಿಯೂ ಕೆಲವಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಕೆಲವನ್ನು ಕೊಯ್ದರು, ಕೆಲವನ್ನು ಕೊಯ್ಯಲಿಲ್ಲ. 50 ಕಿಲೋದ ಎರಡು ಚೀಲ ಯೂರಿಯಾವನ್ನು ಒಂದು ಎಕರೆಗೆ ಎರಚಿದ ನಾವು ತಿಳಿಯದೆಯೇ ಹೆಚ್ಚುಕಡಿಮೆ ಅದೇ ಅಳತೆಯನ್ನು ಹಾಕಿದ್ದೆವು! ಅವರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಪ್ರತಿವರ್ಷದ ಬೆಂಕಿ ಕೆಲವೇ ಎತ್ತರದ ಹುಲ್ಲುಗಳಿಗೆ ಅನುಕೂಲವಾಗಿ ಉಳಿದವನ್ನು ಹಿಂದೆ ತಳ್ಳಿತು. ಸಾರಜನಕವೂ ಪ್ರಭೇದಗಳನ್ನು ಕಡಿಮೆ ಮಾಡಿತು. ಎರಡೂ ಕೂಡಿದರೆ ಒಂದು ಇನ್ನೊಂದರ ಕೇಡನ್ನು ಕಳೆಯಲಿಲ್ಲ. ಆದರೆ ಕೊಯ್ದ ತುಂಡುಗಳಲ್ಲಿ, ಬೆಂಕಿಯಿದ್ದರೂ ಗೊಬ್ಬರವಿದ್ದರೂ, ವೈವಿಧ್ಯ ಉಳಿದುಕೊಂಡಿತು. ಕಾಡೆಮ್ಮೆಯ ಜಾತಿಯ ಬೈಸನ್‌ಗಳು ಮೇಯುವ ಕಡೆಯೂ ಹಾಗೆಯೇ ಕಂಡಿತು.

“ಮಡ್ಡಿ ಮೇಯಸಬೇಕು” ಎಂದ ಕುರಿಗಾರರು ಹೇಳಿದ್ದೂ ಇದನ್ನೇ. ಮೇಯುವ ಬಾಯಿ ಎತ್ತರದ ಹುಲ್ಲನ್ನು ತಗ್ಗಿಸಿ ಕೆಳಗಿನ ಸಸಿಗಳಿಗೆ ಬೆಳಕು ಬಿಡುತ್ತದೆ. ಅಷ್ಟೇ ಅಲ್ಲ. ನಮ್ಮ ಕಡೆ ಕುರಿಗಳು ಹಗಲೆಲ್ಲ ಗಾಯರಾನದಲ್ಲಿ ಮೇಯುತ್ತವೆ. ರಾತ್ರಿ ರೈತನ ಹೊಲದಲ್ಲಿ ತರುಬುತ್ತವೆ. ಹಿಕ್ಕೆ, ಗಂಜಲ ಬೀಳುವುದು ಹೊಲದಲ್ಲಿ. ಹೀಗೆ ಸಾರಜನಕವನ್ನು ಬೇಡವಾದ ಕಡೆಯಿಂದ ಎತ್ತಿ ಬೇಕಾದ ಕಡೆಗೆ ಸಾಗಿಸುವ ವ್ಯವಸ್ಥೆಯೊಂದನ್ನು ನಮ್ಮ ಹಿರಿಯರು ನಡೆಸಿಕೊಂಡು ಬಂದರು. ರೈತ ಅದಕ್ಕೆ ಕಾಳು ಕೊಡುತ್ತಿದ್ದ, ಈಗ ಹಣ ಕೊಡುತ್ತಾನೆ. ಹೀಗಿದ್ದೂ ಅತಿಯಾಗಿ ಮೇಯಿಸಿದರೆ ನೆಲ ಬೋಳಾಗುತ್ತದೆಂಬುದನ್ನು ಕುರಿಗಾರರೇ ಚೆನ್ನಾಗಿ ಬಲ್ಲರು. ಅವರು ಒಂದೇ ಕಡೆ ನಿಲ್ಲದೆ ಊರೂರು ನಡೆಯುವುದು ಅದಕ್ಕಾಗಿಯೂ ಹೌದು.

ಕ್ಯಾನ್ಸಸ್‌ನ ಫಲಿತಾಂಶವನ್ನು ಜತ್ತಕ್ಕೆ ಹಾಗೆಯೇ ಅನ್ವಯಿಸಬಾರದು. ಅಲ್ಲಿ ಮಣ್ಣು ಆಳ, ಮಳೆ ಹೆಚ್ಚು. ನಮ್ಮ ತೆಳುಮಣ್ಣಿನಲ್ಲಿ ಬೇಸಿಗೆಯ ಕೊನೆಯ ಬೆಂಕಿ ಹೊದಿಕೆಯನ್ನು ಕಳೆದು ಮಣ್ಣನ್ನು ಮೊದಲ ಮಳೆಗೆ ಒಪ್ಪಿಸುತ್ತದೆ. ಬೆಂಕಿಯ ಗುಣದೋಷ ಅದು ಬೀಳುವ ಕಾಲದ ಮೇಲೆ ನಿಂತಿದೆ ಎಂಬುದಕ್ಕೆ ಕನ್ನಡ ನಾಡಿನದೇ ದೊಡ್ಡ ಉದಾಹರಣೆಯಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿಯೇ, ನೆಲದಲ್ಲಿ ಇನ್ನೂ ತೇವವಿರುವಾಗ, ಒಣ ಎಲೆಗಳಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎಂದು ಕರೆಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನಾ ಹಬ್ಬಿತು, ನೆಲ್ಲಿಯ ಮರಗಳಿಗೆ ಬಂದಣಿಕೆ ಹೆಚ್ಚಿತು ಎಂಬುದು ಸೋಲಿಗ ಹಿರಿಯರ ಅಭಿಪ್ರಾಯ. ಸಂಶೋಧಕರು 1997 ಮತ್ತು 2008ರಲ್ಲಿ ಆ ಕಾಡನ್ನು ಅಳೆದು ನೋಡಿದಾಗ ಲಂಟಾನಾ ಇರುವ ಸ್ಥಳಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅದು ಕಾಡು, ನಮ್ಮದು ಮಡ್ಡಿ. ಆದರೂ ಪಾಠ ಒಂದೇ. ಕಾಲವರಿತು ಇಟ್ಟ ಸಣ್ಣ ಬೆಂಕಿ ಬೇರೆ, ಹೊತ್ತಲ್ಲದ ಹೊತ್ತಿನಲ್ಲಿ ಎದ್ದ ದೊಡ್ಡ ಬೆಂಕಿ ಬೇರೆ.

ಇದನ್ನು ಕೇಳಿ ಯಾರೂ ಕಡ್ಡಿಪೆಟ್ಟಿಗೆ ಹಿಡಿದು ಗುಡ್ಡಕ್ಕೆ ಹೊರಡಬಾರದು. ಅರಣ್ಯಭೂಮಿಗೆ ಬೆಂಕಿ ಇಡುವುದು ಅಪರಾಧ. ದಂಡೋಬಾ ಗುಡ್ಡವಿರಲಿ, ಊರ ಗಾಯರಾನವಿರಲಿ, ಅರಿವಿಲ್ಲದವರ ಕೈಯ ಬೆಂಕಿ ಏನು ಮಾಡುತ್ತದೆಂಬುದನ್ನು ನಾವು ಕಣ್ಣಾರೆ ಕಂಡವರು.

ಪಾಲಕರಲ್ಲಿ ಕಬ್ಬು ಬೆಳೆಯುವವರೇ ಹೆಚ್ಚಾದುದರಿಂದ ಇನ್ನೊಂದು ಮಾತು. ಒಂದು ಹೆಕ್ಟೇರು ಕಬ್ಬು ಕಡಿದಾಗ ಸುಮಾರು 8ರಿಂದ 10 ಟನ್ ರವದಿ ಉಳಿಯುತ್ತದೆ. ಪಾಚಟ ಎಂದರೆ ನಮ್ಮ ವಾಡಿಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಬೆಂಕಿ ಇಟ್ಟರೆ ಅದರಲ್ಲಿರುವ ಸಾರಜನಕದ ಬಹುಪಾಲು ಹೊಗೆಯಾಗುತ್ತದೆ. ಮಡ್ಡಿಯ ಹುಲ್ಲಿಗೆ ಸಾರಜನಕ ಕಡಿಮೆಯಿದ್ದರೆ ಒಳ್ಳೆಯದು. ಹೊಲಕ್ಕೆ ಅದೇ ನಷ್ಟ. ಹೊಲದಲ್ಲಿ ಸುಟ್ಟು ಕಳೆದುಕೊಂಡದ್ದನ್ನು ನಾವು ಚೀಲದಲ್ಲಿ ಕೊಂಡು ತರುತ್ತೇವೆ, ತಂದದ್ದರಲ್ಲಿ ಒಂದು ಪಾಲನ್ನು ಮತ್ತೆ ಗಾಳಿಗೂ ಹೊಳೆಗೂ ಬಿಡುತ್ತೇವೆ. ಕುಳೆ ಕಬ್ಬಿನ ಸಾಲಿನಲ್ಲಿ ರವದಿಯನ್ನು ಹಾಸಿ ಕೊಳೆಯಿಸಿದವರು ನಮ್ಮ ಬಳಗದಲ್ಲಿಯೇ ಇದ್ದಾರೆ. ತೇವ ಉಳಿದದ್ದನ್ನೂ ಕಸ ತಗ್ಗಿದ್ದನ್ನೂ ಅವರು ನಿಮಗೆ ಹೇಳಬಲ್ಲರು. ನೀರು ಗೊಬ್ಬರಗಳ ಅತಿಯಿಂದ ಕೃಷ್ಣಾ-ವಾರಣಾ ದಂಡೆಯಲ್ಲಿ ಎಷ್ಟು ಭೂಮಿ ಸವಳಾಗಿದೆಯೆಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಒಂದೇ ಬೆಂಕಿ, ಒಂದೇ ಸಾರಜನಕ; ನೆಲ ಯಾವುದೆಂಬುದನ್ನು ನೋಡಿಯೇ ಒಳಿತು ಕೆಡಕು ಹೇಳಬೇಕು.

ಕೊನೆಯದಾಗಿ ಶಾಲೆಗೆ ಒಂದು ಬಿನ್ನಹ. ಸರಕಾರದ ನಕ್ಷೆಗಳಲ್ಲಿ ಮಡ್ಡಿಯಂಥ ನೆಲಕ್ಕೆ ಹಲವು ಕಡೆ ‘ಪಾಳುಭೂಮಿ’ ಎಂಬ ಹೆಸರಿದೆ. ಪಾಳೆಂದು ಕರೆದ ಮೇಲೆ ಅದನ್ನು ಉದ್ಧರಿಸುವ ಆಸೆ ಸಹಜ. ಯಾರೋ ಗುಂಡಿ ತೋಡಿ ಸಸಿ ನೆಡುತ್ತಾರೆ, ಯಾರೋ ಗೊಬ್ಬರ ಚೆಲ್ಲುತ್ತಾರೆ, ಯಾರೋ ನೀರಾವರಿ ಬಂದೊಡನೆ ಉಳುತ್ತಾರೆ. ಸೋಲಾಪುರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯ ಘೋಷಿಸಿದ್ದು ಮರಗಳಿಗಾಗಿ ಅಲ್ಲ, ಬಯಲು ಹುಲ್ಲನ್ನೇ ನಂಬಿದ ಎರೆಭೂತ ಹಕ್ಕಿಗಾಗಿ. ಆ ಹಕ್ಕಿ ಇಂದು ಅಲ್ಲಿ ಕಾಣುವುದೇ ದುರ್ಲಭ. ಶತಮಾನೋತ್ಸವದ ನೆನಪಿಗೆ ಮಕ್ಕಳ ಕೈಯಿಂದ ಗುಡ್ಡದಲ್ಲಿ ಸಸಿ ನೆಡಿಸುವ ವಿಚಾರ ಸಮಿತಿಯಲ್ಲಿದೆಯೆಂದು ಕೇಳಿದ್ದೇವೆ. ಮರಗಳು ಬೇಡವೆಂದು ನಾವು ಹೇಳಲಾರೆವು. ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ, ಹೊಳೆಯ ದಂಡೆಯಲ್ಲಿ ಅವಶ್ಯ ನೆಡೋಣ. ಆದರೆ ಹುಲ್ಲಿನ ಮಡ್ಡಿಯನ್ನು ಹುಲ್ಲಿಗೇ ಬಿಡೋಣ.

ಅದರ ಬದಲು ಹೀಗೆ ಮಾಡಬಹುದು. ಗಾಯರಾನದಲ್ಲಿ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಹತ್ತು ಚೌಕಗಳನ್ನು ಮೂಲೆಗಲ್ಲು ನೆಟ್ಟು ಗುರುತಿಸೋಣ. ಪ್ರತಿವರ್ಷ ಗಣೇಶ ಚತುರ್ಥಿಯ ಸುಮಾರಿಗೆ ಏಳನೆಯ ತರಗತಿಯ ಮಕ್ಕಳು ಅಲ್ಲಿಗೆ ಹೋಗಿ ಪ್ರತಿ ಚೌಕದಲ್ಲಿ ಎಷ್ಟು ಬಗೆಯ ಸಸ್ಯಗಳಿವೆಯೆಂದು ಎಣಿಸಲಿ. ಕನ್ನಡದ ಹೆಸರನ್ನೂ ಮರಾಠಿಯ ಹೆಸರನ್ನೂ ಹಿರಿಯರಿಂದ ಕೇಳಿ ಬರೆಯಲಿ. ಆ ವರ್ಷ ಬೆಂಕಿ ಬಿತ್ತೆ, ಕುರಿ ಮೇಯ್ದವೆ, ಮಳೆ ಎಷ್ಟಾಯಿತು ಎಂಬುದನ್ನೂ ದಾಖಲಿಸಲಿ. ಅದಕ್ಕೆ ಬೇಕಾಗುವುದು ಒಂದು ಗಟ್ಟಿ ರಟ್ಟಿನ ಪುಸ್ತಕ, ಒಂದು ಅಳತೆ ಪಟ್ಟಿ, ಒಬ್ಬ ತಾಳ್ಮೆಯ ಶಿಕ್ಷಕರು. ಮೊದಲ ಪುಸ್ತಕವನ್ನು ನಾವು ಮೂವರೂ ಕೂಡಿ ಇಂದು ಮುಖ್ಯಾಧ್ಯಾಪಕರ ಕೈಗೆ ಒಪ್ಪಿಸುತ್ತಿದ್ದೇವೆ. ಮೊದಲ ಎಣಿಕೆಗೆ ನಾವೂ ಮಕ್ಕಳೊಡನೆ ಬರುತ್ತೇವೆ.

ರೊಥಾಮ್‌ಸ್ಟೆಡ್‌ನ ಪ್ರಯೋಗ ನಮ್ಮ ಶಾಲೆಗಿಂತ ಹಳೆಯದು. ಅದನ್ನು ಆರಂಭಿಸಿದವರು ಅದರ ಫಲವನ್ನು ಪೂರ್ತಿಯಾಗಿ ಕಾಣಲಿಲ್ಲ. ಶಾಲೆ ಕಟ್ಟಿದವರದೂ ಅದೇ ಕಥೆಯಲ್ಲವೆ? ಮರಾಠಿ ನಾಡಿನಲ್ಲಿ ಕನ್ನಡದ ಒಂದು ಶಾಲೆ ನೂರು ವರ್ಷ ಉಳಿದದ್ದು ಪ್ರತಿವರ್ಷ ಯಾರೋ ಒಬ್ಬರು ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರು ಕೂಗಿದ್ದರಿಂದ. ಮಡ್ಡಿಯ ಹುಲ್ಲಿಗೂ ಅಂಥದೊಂದು ಹಾಜರಿ ಪುಸ್ತಕ ಬೇಕಾಗಿದೆ. ಯಾವ ವರ್ಷ ಯಾವ ಸಸಿ ಬರಲಿಲ್ಲವೆಂದು ಕೇಳುವವರು ಒಬ್ಬರಾದರೂ ಇರಬೇಕು.

ಅಜ್ಜನ ಮಡ್ಡಿಗೆ ನಾವು ಮತ್ತೆ ಗೊಬ್ಬರ ಹಾಕಲಿಲ್ಲ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳುತ್ತ, ದೀಪಾವಳಿಯ ಹೊತ್ತಿಗೆ ಹುಲ್ಲು ಕೊಯ್ದು ಹೊರಗೆ ಸಾಗಿಸುತ್ತ, ಕುರಿಗಳನ್ನು ಬಿಡುತ್ತ ಬಂದೆವು. ಅಜ್ಜ ಈಗಿಲ್ಲ. ಕಳೆದ ಮಳೆಗಾಲದಲ್ಲಿ ಹೋದಾಗ ಬಂಡೆಯ ಅಂಚಿನಲ್ಲಿ ಎರಡು ಕಡೆ ವಿಷ್ಣುಕ್ರಾಂತಿ ಕಂಡಿತು. ಶರಪುಂಖ ಇನ್ನೂ ಬಂದಿಲ್ಲ. ನಾವು ಕಾಯುತ್ತಿದ್ದೇವೆ.